ಹಾವರ್ತಿನ ಆರೋಗ್ಯ ಮಂಡಳಿ: ಒಂದು ಸಣ್ಣ ಊರಿನ ನೀರು, ಚರಂಡಿ ಮತ್ತು ಮರಣದ ಲೆಕ್ಕ

ಚರಿತ್ರೆಯನ್ನು ಬರೆಯುವವರಿಗೆ ಅರಮನೆಗಳೂ ಯುದ್ಧಭೂಮಿಗಳೂ ಕಾಣಿಸುವಷ್ಟು ಸುಲಭವಾಗಿ ಊರಿನ ಬಾವಿ, ಬಚ್ಚಲು, ತಿಪ್ಪೆಗಳು ಕಾಣಿಸುವುದಿಲ್ಲ. ಆದರೆ ಒಂದು ಊರಿನಲ್ಲಿ ಹುಟ್ಟಿದ ಮಕ್ಕಳಲ್ಲಿ ಎಷ್ಟು ಮಂದಿ ಬದುಕಿ ಉಳಿದರು ಎಂಬ ಪ್ರಶ್ನೆಗೆ ಉತ್ತರ ದೊರೆಯುವುದು ಬಹುಮಟ್ಟಿಗೆ ಇವುಗಳಲ್ಲಿಯೇ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಸ್ಥಾಪಿತವಾದ ಸ್ಥಳೀಯ ಆರೋಗ್ಯ ಮಂಡಳಿಗಳ ಇತಿಹಾಸವು ಈ ದೃಷ್ಟಿಯಿಂದ ಗಮನಾರ್ಹವಾದುದು. ಅವುಗಳಲ್ಲಿ ಒಂದು ಸಣ್ಣ ಊರಿನ ಮಂಡಳಿಯ ಕಥೆಯನ್ನು ಇಲ್ಲಿ ನಿರೂಪಿಸಲು ಯತ್ನಿಸಲಾಗಿದೆ. ಆ ಊರು ಯಾರ್ಕ್‌ಷೈರಿನ ಹಾವರ್ತ್.

ಹಾವರ್ತ್ ಎಂಬ ಹೆಸರು ಸಾಹಿತ್ಯಾಸಕ್ತರಿಗೆ ಅಪರಿಚಿತವಲ್ಲ. ‘ಜೇನ್ ಐರ್’, ‘ವುದರಿಂಗ್ ಹೈಟ್ಸ್’ ಕಾದಂಬರಿಗಳನ್ನು ಬರೆದ ಷಾರ್ಲೆಟ್ ಮತ್ತು ಎಮಿಲಿ ಬ್ರಾಂಟೆ ಸೋದರಿಯರು ಬಾಳಿದ ಊರು ಅದು. ಅವರ ತಂದೆ ಪ್ಯಾಟ್ರಿಕ್ ಬ್ರಾಂಟೆಯವರು 1820ರಲ್ಲಿ ಆ ಊರಿನ ಚರ್ಚಿಗೆ ಪಾದ್ರಿಯಾಗಿ ಬಂದರು. 1861ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಇದ್ದರು. ಕಾದಂಬರಿಗಳನ್ನು ಓದಿದವರ ಮನಸ್ಸಿನಲ್ಲಿ ಹಾವರ್ತ್ ಎಂದರೆ ಗಾಳಿ ಬೀಸುವ ಬಯಲು, ಏಕಾಂತ, ನಿರ್ಜನವಾದ ಬೆಟ್ಟ. ವಾಸ್ತವದ ಹಾವರ್ತ್ ಹಾಗಿರಲಿಲ್ಲ. ಅದು ಉಣ್ಣೆಯ ಉದ್ಯಮವನ್ನು ನಂಬಿದ್ದ, ಜನ ಕಿಕ್ಕಿರಿದು ತುಂಬಿದ್ದ ಕೈಗಾರಿಕೆಯ ಊರು. ಕಡಿದಾದ ಏರಿನ ಒಂದು ಮುಖ್ಯ ಬೀದಿ. ಅದರ ಎರಡು ಪಕ್ಕಗಳಲ್ಲಿ ಒತ್ತೊತ್ತಾಗಿ ಕಟ್ಟಿದ ಕಲ್ಲಿನ ಮನೆಗಳು. ಮೇಲುಭಾಗದಲ್ಲಿ ಚರ್ಚು, ಅದರ ಸುತ್ತ ಸ್ಮಶಾನ, ಅದಕ್ಕೆ ತಾಗಿದಂತೆ ಪಾದ್ರಿಯ ಮನೆ. ಹಲವರು ಮನೆಯಲ್ಲಿಯೇ ಕುಳಿತು ಉಣ್ಣೆಯನ್ನು ಬಾಚುವ ಕಸುಬಿನವರು. ಬಾಚಣಿಗೆಯ ಹಲ್ಲುಗಳನ್ನು ಬಿಸಿಯಾಗಿಡಲು ಕೋಣೆಯೊಳಗೆ ಒಲೆ ಹಗಲಿರುಳು ಉರಿಯಬೇಕು, ಕಿಟಕಿ ಮುಚ್ಚಿರಬೇಕು. ಆ ಕೋಣೆಯಲ್ಲಿಯೇ ಕೆಲಸ, ಊಟ, ನಿದ್ರೆ ಎಲ್ಲವೂ ನಡೆಯುತ್ತಿದ್ದುದುಂಟು.

ಈ ಊರಿಗೆ ಆರೋಗ್ಯ ಮಂಡಳಿ ಬಂದ ಬಗೆಯನ್ನು ತಿಳಿಯಬೇಕಾದರೆ 1848ರ ಸಾರ್ವಜನಿಕ ಆರೋಗ್ಯ ಶಾಸನವನ್ನು ಸ್ವಲ್ಪ ಪರಿಶೀಲಿಸಬೇಕು. 1831–32ರಲ್ಲಿ ಬ್ರಿಟನ್ನಿಗೆ ಮೊದಲ ಬಾರಿಗೆ ನುಗ್ಗಿದ್ದ ಕಾಲರಾ 1848ರಲ್ಲಿ ಮರಳಿ ಬಂದಿತ್ತು. 1842ರಲ್ಲಿ ಎಡ್ವಿನ್ ಚಾಡ್ವಿಕ್ ಅವರು ದುಡಿಯುವ ವರ್ಗದ ಜನರ ವಾಸಸ್ಥಳಗಳ ನೈರ್ಮಲ್ಯವನ್ನು ಕುರಿತು ಪ್ರಕಟಿಸಿದ ವರದಿಯು, ಕೊಳೆಗೂ ರೋಗಕ್ಕೂ ರೋಗಕ್ಕೂ ಬಡತನಕ್ಕೂ ಇರುವ ಸಂಬಂಧವನ್ನು ಅಂಕಿಅಂಶಗಳ ಮೂಲಕ ಮುಂದಿಟ್ಟಿತ್ತು. ಇವುಗಳ ಫಲವಾಗಿ ಬಂದ ಶಾಸನವು ಲಂಡನ್ನಿನಲ್ಲಿ ಒಂದು ಕೇಂದ್ರ ಆರೋಗ್ಯ ಮಂಡಳಿಯನ್ನು ಸ್ಥಾಪಿಸಿತು. ಊರೂರುಗಳಲ್ಲಿ ಸ್ಥಳೀಯ ಮಂಡಳಿಗಳನ್ನು ರಚಿಸಲು ಎರಡು ದಾರಿಗಳನ್ನು ತೆರೆಯಿತು. ಊರಿನ ತೆರಿಗೆದಾರರಲ್ಲಿ ಹತ್ತರಲ್ಲಿ ಒಂದು ಪಾಲು ಜನ ಸಹಿ ಹಾಕಿ ಅರ್ಜಿ ಸಲ್ಲಿಸಿದರೆ ಕೇಂದ್ರ ಮಂಡಳಿಯು ಒಬ್ಬ ಪರಿವೀಕ್ಷಕನನ್ನು ಕಳುಹಿಸಿ ವಿಚಾರಣೆ ನಡೆಸಬಹುದು. ಇಲ್ಲವೇ ವಾರ್ಷಿಕ ಮರಣ ಪ್ರಮಾಣವು ಸಾವಿರಕ್ಕೆ 23ನ್ನು ಮೀರಿದ್ದರೆ ಅರ್ಜಿ ಇಲ್ಲದೆಯೂ ವಿಚಾರಣೆಗೆ ಆಜ್ಞೆ ಮಾಡಬಹುದು. ಸಾವಿನ ಒಂದು ಸಂಖ್ಯೆಯನ್ನು ಗೆರೆಯಾಗಿ ಎಳೆದು, ಅದನ್ನು ದಾಟಿದ ಊರಿನ ವಿಷಯದಲ್ಲಿ ಪ್ರಭುತ್ವವು ಕೈಹಾಕಬಹುದು ಎಂದು ಸಾರಿದ್ದು ಆ ಕಾಲಕ್ಕೆ ಹೊಸ ಮಾತು.

ಹಾವರ್ತ್ ಮೊದಲನೆಯ ದಾರಿಯನ್ನು ಹಿಡಿಯಿತು. 1849ರ ಆಗಸ್ಟಿನಲ್ಲಿ ಊರಿನವರ ಅರ್ಜಿಯು ಲಂಡನ್ನಿಗೆ ಹೋಯಿತು. ಅದರ ಮುಂದಾಳು ಪ್ಯಾಟ್ರಿಕ್ ಬ್ರಾಂಟೆ.

ಆ ಹೊತ್ತಿಗೆ ಅವರ ಮನೆಯ ಸ್ಥಿತಿ ಏನಾಗಿತ್ತೆಂಬುದನ್ನು ನೆನೆಯಬೇಕು. ಐರ್ಲೆಂಡಿನ ಬಡ ಕುಟುಂಬವೊಂದರಲ್ಲಿ 1777ರಲ್ಲಿ ಹುಟ್ಟಿ, ಸ್ವಂತ ಪರಿಶ್ರಮದಿಂದ ಕೇಂಬ್ರಿಜ್ ಸೇರಿ ಓದಿದವರು ಅವರು. ಹಾವರ್ತಿಗೆ ಬಂದ ಮರುವರ್ಷವೇ ಪತ್ನಿ ತೀರಿಕೊಂಡರು. 1825ರಲ್ಲಿ ಹಿರಿಯ ಹೆಣ್ಣುಮಕ್ಕಳಿಬ್ಬರು ಕೆಲವೇ ವಾರಗಳ ಅಂತರದಲ್ಲಿ ಹೋದರು. 1846ರಲ್ಲಿ ಕಣ್ಣಿನ ಪೊರೆಯಿಂದ ಹೆಚ್ಚುಕಡಿಮೆ ಕುರುಡಾಗಿದ್ದ ಅವರು ಮ್ಯಾಂಚೆಸ್ಟರಿಗೆ ಹೋಗಿ, ಅರಿವಳಿಕೆಯಿಲ್ಲದೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ದೃಷ್ಟಿಯನ್ನು ಮರಳಿ ಪಡೆದರು. ಹಾಗೆ ಮರಳಿ ಬಂದ ಕಣ್ಣುಗಳು ಕಾಣಬೇಕಾದುದು ಇನ್ನೂ ಬಾಕಿಯಿತ್ತು. 1848ರ ಸೆಪ್ಟೆಂಬರಿನಲ್ಲಿ ಒಬ್ಬನೇ ಮಗ ಬ್ರಾನ್‌ವೆಲ್, ಡಿಸೆಂಬರಿನಲ್ಲಿ ಎಮಿಲಿ, 1849ರ ಮೇ ತಿಂಗಳಲ್ಲಿ ಆನ್ ತೀರಿಕೊಂಡರು. ಆರು ಮಕ್ಕಳಲ್ಲಿ ಉಳಿದವಳು ಷಾರ್ಲೆಟ್ ಒಬ್ಬಳೇ. ಆನ್ ಸತ್ತ ಮೂರು ತಿಂಗಳಿಗೆ, ಎಪ್ಪತ್ತೆರಡರ ವಯಸ್ಸಿನಲ್ಲಿ, ಈ ತಂದೆ ಊರಿಗೆ ಶುದ್ಧ ನೀರು ಬೇಕೆಂಬ ಅರ್ಜಿಯನ್ನು ಮುಂದೆ ನಿಂತು ಕಳುಹಿಸಿದರು.

ಅರ್ಜಿ ಕಳುಹಿಸಿದಾಕ್ಷಣ ಏನೂ ಆಗಲಿಲ್ಲ. ಬ್ರಾಂಟೆಯವರು ಮತ್ತೆ ಮತ್ತೆ ನೆನಪಿನ ಪತ್ರಗಳನ್ನು ಬರೆಯಬೇಕಾಯಿತು. ಕಡೆಗೆ 1850ರ ಏಪ್ರಿಲಿನಲ್ಲಿ ಪರಿವೀಕ್ಷಕರು ಬಂದರು. ಅವರ ಹೆಸರು ಬೆಂಜಮಿನ್ ಹರ್ಷೆಲ್ ಬ್ಯಾಬೇಜ್; ಗಣಕಯಂತ್ರದ ಕಲ್ಪನೆಗಾಗಿ ಇಂದಿಗೂ ಪ್ರಸಿದ್ಧರಾದ ಚಾರ್ಲ್ಸ್ ಬ್ಯಾಬೇಜರ ಹಿರಿಯ ಮಗ, ವೃತ್ತಿಯಿಂದ ಎಂಜಿನಿಯರ್. ಅವರು ಬೀದಿ ಬೀದಿ ನಡೆದು, ಮನೆಗಳನ್ನು ಹೊಕ್ಕು, ಬಾವಿಗಳನ್ನು ಎಣಿಸಿ, ಸತ್ತವರ ದಾಖಲೆಗಳನ್ನು ಲೆಕ್ಕ ಹಾಕಿ ಅದೇ ವರ್ಷ ವರದಿಯನ್ನು ಸಲ್ಲಿಸಿದರು. ಭಾವಾವೇಶವಿಲ್ಲದ, ಎಣಿಕೆಯನ್ನೇ ನೆಚ್ಚಿದ ವರದಿ ಅದು.

ಅದರಲ್ಲಿನ ಕೆಲವು ಸಂಗತಿಗಳು ಹೀಗಿವೆ. ಊರಿಗೆಲ್ಲ ಇದ್ದ ಕಕ್ಕಸುಗಳು 69. ಎಂದರೆ ಸುಮಾರು ನಾಲ್ಕೂವರೆ ಮನೆಗಳಿಗೆ ಒಂದು. ಇದು ಸರಾಸರಿಯ ಮಾತು. ಒಂದು ಕಡೆ 24 ಮನೆಗಳವರು ಒಂದೇ ಕಕ್ಕಸನ್ನು ಬಳಸುತ್ತಿದ್ದರು. ಅವುಗಳ ಮಲ ನೆಲದಡಿಯ ಕೊಳವೆಗೆ ಹೋಗುತ್ತಿರಲಿಲ್ಲ. ಪಕ್ಕದ ತಿಪ್ಪೆಗುಂಡಿಯಲ್ಲಿ ಬೂದಿ, ಕಸ, ಮನೆಯ ಕೊಚ್ಚೆಗಳೊಡನೆ ಕೂಡಿ ಗೊಬ್ಬರವಾಗಿ ಮಾರಾಟವಾಗುವವರೆಗೂ ಅಲ್ಲಿಯೇ ಬಿದ್ದಿರುತ್ತಿತ್ತು. ಒಳಚರಂಡಿಯೆಂಬುದು ಇರಲೇ ಇಲ್ಲವೆನ್ನಬಹುದು. ಕೊಳೆನೀರು ಬೀದಿಯ ಅಂಚಿನ ತೆರೆದ ಕಾಲುವೆಗಳಲ್ಲಿ ಇಳಿಜಾರನ್ನು ಹಿಡಿದು ಹರಿಯುತ್ತಿತ್ತು. ನೀರೆತ್ತುವ ಪಂಪುಗಳು 11. ಕೆಲಸ ಮಾಡುತ್ತಿದ್ದವು 9. ಊರಿನ ಬಾವಿಯೊಂದರ ನೀರು ಬೇಸಗೆಯಲ್ಲಿ ಎಷ್ಟು ಕೆಡುತ್ತಿತ್ತೆಂದರೆ ದನಗಳೂ ಮೂಸಿ ಬಿಡುತ್ತಿದ್ದವು. ಮಳೆಯಿಲ್ಲದ ದಿನಗಳಲ್ಲಿ ಸೋಮವಾರದ ಬಟ್ಟೆ ಒಗೆತಕ್ಕೆ ನೀರು ಹಿಡಿಯಲು ಬಡ ಹೆಂಗಸರು ನಸುಕಿಗೂ ಬಹಳ ಮುಂಚೆಯೇ ಎದ್ದು ಹೋಗಿ ಕಾಯಬೇಕಿತ್ತು.

ವರದಿಯ ತಿರುಳು ಇರುವುದು ಮರಣದ ಲೆಕ್ಕದಲ್ಲಿ. ಹಾವರ್ತಿನಲ್ಲಿ ಸತ್ತವರ ಸರಾಸರಿ ವಯಸ್ಸು 25.8 ವರ್ಷ, ಹುಟ್ಟಿದವರಲ್ಲಿ ನೂರಕ್ಕೆ 41.6 ಮಂದಿ ಆರು ವರ್ಷ ತುಂಬುವ ಮೊದಲೇ ಸಾಯುತ್ತಿದ್ದರು. ಬೆಟ್ಟದ ಮೇಲಿನ, ಗಾಳಿ ಧಾರಾಳವಾಗಿದ್ದ ಈ ಊರಿನ ಸ್ಥಿತಿಯು ಲಂಡನ್ನಿನ ಅತ್ಯಂತ ಕೊಳಕು ಭಾಗಗಳಲ್ಲಿ ಒಂದಾದ ವೈಟ್‌ಚಾಪೆಲ್ಲಿನ ಸ್ಥಿತಿಗೆ ಸಮನಾಗಿತ್ತು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುವುದು ಯುಕ್ತ. ಸರಾಸರಿ ವಯಸ್ಸು 25.8 ಎಂದಾಗ ಊರಿನ ಜನರೆಲ್ಲ ಇಪ್ಪತ್ತೈದಕ್ಕೇ ಮುಗಿದುಹೋಗುತ್ತಿದ್ದರೆಂದು ತಿಳಿಯುವುದು ಸಾಮಾನ್ಯವಾದ ತಪ್ಪು. ಉದಾಹರಣೆಗೆ ಹತ್ತು ಸಾವುಗಳಲ್ಲಿ ನಾಲ್ಕು ಎರಡು ವರ್ಷದ ಶಿಶುಗಳದೂ ಉಳಿದ ಆರು ನಲವತ್ತೆರಡು ವರ್ಷದವರದೂ ಆಗಿದ್ದರೆ ಸರಾಸರಿಯು ಇಪ್ಪತ್ತಾರಕ್ಕೆ ಇಳಿಯುತ್ತದೆ. ಆದರೆ ಇಪ್ಪತ್ತಾರರಲ್ಲಿ ಸತ್ತವರು ಒಬ್ಬರೂ ಇರುವುದಿಲ್ಲ. ಆದ್ದರಿಂದ ಆ ಅಂಕಿಯು ಮುಖ್ಯವಾಗಿ ಹೇಳುತ್ತಿರುವುದು ಮಕ್ಕಳ ಸಾವನ್ನು. ಇದನ್ನು ಅರಿತರೆ ಅಂಕಿಯ ಭಾರ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ.

ಸ್ಮಶಾನದ ವಿಷಯದಲ್ಲಿ ಬ್ಯಾಬೇಜರ ಟೀಕೆ ಕಟುವಾಗಿತ್ತು. ಚರ್ಚಿನ ಸುತ್ತಲ ಚಿಕ್ಕ ಜಾಗದಲ್ಲಿ ಹಿಂದಿನ ಹತ್ತು ವರ್ಷಗಳಲ್ಲಿ 1,344 ಶವಗಳನ್ನು ಹೂಳಲಾಗಿತ್ತು. ಗೋರಿಗಳ ಮೇಲೆ ಅಗಲವಾದ ಚಪ್ಪಡಿಗಳನ್ನು ಒಂದಕ್ಕೊಂದು ತಾಗುವಂತೆ ಮಲಗಿಸಿದ್ದರಿಂದ ನೆಲಕ್ಕೆ ಗಾಳಿಯಾಡುತ್ತಿರಲಿಲ್ಲ, ಗಿಡ ಬೆಳೆಯುತ್ತಿರಲಿಲ್ಲ. ಸ್ಮಶಾನವಿದ್ದುದು ಊರಿನ ಎತ್ತರದ ಭಾಗದಲ್ಲಿ. ಮನೆಗಳೂ ಜನರು ನೀರು ಸೇದುವ ತಾಣಗಳೂ ಕೆಳಗೆ. ಈ ಸ್ಮಶಾನದಲ್ಲಿ ಹೂಳುವುದನ್ನು ನಿಲ್ಲಿಸಬೇಕೆಂದು ವರದಿಯು ಶಿಫಾರಸು ಮಾಡಿತು. ಪರಿವೀಕ್ಷಕರನ್ನು ಕರೆಸಿದವರು ಅದೇ ಚರ್ಚಿನ ಪಾದ್ರಿ ಎಂಬುದನ್ನು ಇಲ್ಲಿ ಮರೆಯಬಾರದು. ಆ ವಿಚಾರಣೆಯು ತಮ್ಮ ಚರ್ಚಿನ ಅಂಗಳಕ್ಕೂ ಬರುತ್ತದೆ, ತಾವೇ ನಿಂತು ಪ್ರಾರ್ಥನೆ ಸಲ್ಲಿಸಿ ಮಣ್ಣುಮಾಡಿದ ಶವಗಳ ಎಣಿಕೆಯೂ ಅದರಲ್ಲಿ ಸೇರುತ್ತದೆ ಎಂಬುದು ಅವರಿಗೆ ತಿಳಿಯದ ವಿಷಯವೇನಲ್ಲ. ಆದರೂ ಅವರು ಹಿಂಜರಿಯಲಿಲ್ಲ.

ಹಾಗಾದರೆ ಹಿಂಜರಿದವರು ಯಾರು? ಊರಿಗೆ ಕೊಳವೆಯ ನೀರು ಬೇಡವೆಂದವರೂ ಇದ್ದರು. ತಮ್ಮ ಜಮೀನಿನಲ್ಲಿ ಸ್ವಂತ ಊಟೆಯೋ ಬಾವಿಯೋ ಇದ್ದ ಅನುಕೂಲಸ್ಥರು, ಬಾಡಿಗೆ ಮನೆಗಳ ಒಡೆಯರು, ಊರಿನ ಹೊರವಲಯದ ಕೃಷಿಕರು ಮುಂತಾದವರು ಯೋಜನೆಯ ಖರ್ಚಿಗೆ ಅಂಜಿದರು. ತಮ್ಮ ಆಸ್ತಿಯನ್ನು ಮಂಡಳಿಯ ವ್ಯಾಪ್ತಿಯಿಂದ ಹೊರಗಿಡಬೇಕೆಂಬ ಕೋರಿಕೆಗಳು ಬಂದವು. ಇವರನ್ನೆಲ್ಲ ಕಟುಕರೆಂದು ಬಿಡುವುದು ಸುಲಭ. ಆದರೆ ಚರಿತ್ರೆಯನ್ನು ಬರೆಯುವವರು ಅವರ ಲೆಕ್ಕವನ್ನೂ ನೋಡಬೇಕಾಗುತ್ತದೆ. ಕೊಳವೆ, ಜಲಾಶಯ, ಚರಂಡಿಗಳಿಗೆ ಕೇಂದ್ರದಿಂದ ಹಣ ಬರುತ್ತಿರಲಿಲ್ಲ. ಮಂಡಳಿಯು ತನ್ನ ಕಂದಾಯವನ್ನು ಒತ್ತೆಯಿಟ್ಟು ಸಾಲ ತೆಗೆದು, ಮೂವತ್ತು ವರ್ಷಗಳವರೆಗಿನ ಅವಧಿಯಲ್ಲಿ ಅದನ್ನು ತೀರಿಸಬಹುದಿತ್ತು. ಆ ಕಂದಾಯವನ್ನು ತೆರಬೇಕಾದವರು ಊರಿನ ಆಸ್ತಿವಂತರೂ ಹಿಡುವಳಿದಾರರೂ. ಅದೇ ಕಾಲಕ್ಕೆ ಯಂತ್ರಗಳು ಬಂದು ಕೈಯಿಂದ ಉಣ್ಣೆ ಬಾಚುವ ಕಸುಬು ಕುಸಿಯತೊಡಗಿತ್ತು. ನಾಳೆಯ ಸಂಪಾದನೆ ಏನೆಂದು ತಿಳಿಯದ ಊರಿಗೆ ಮೂವತ್ತು ವರ್ಷದ ಸಾಲವೆಂದರೆ ಸಣ್ಣ ಮಾತಲ್ಲ.

ಶಾಸನದಲ್ಲಿಯೇ ಇದ್ದ ಒಂದು ವ್ಯವಸ್ಥೆಯು ಈ ತೊಡಕನ್ನು ಇನ್ನಷ್ಟು ಬಿಗಿಗೊಳಿಸಿತು. ಸ್ಥಳೀಯ ಮಂಡಳಿಯ ಸದಸ್ಯರನ್ನು ತೆರಿಗೆದಾರರು ಚುನಾಯಿಸಬೇಕು. ವರ್ಷಕ್ಕೆ ಮೂರನೆಯ ಒಂದು ಭಾಗ ಸದಸ್ಯರು ನಿವೃತ್ತರಾಗಬೇಕು. ಆದರೆ ಎಲ್ಲರ ಮತಕ್ಕೂ ಒಂದೇ ಬೆಲೆ ಇರಲಿಲ್ಲ. ಆಸ್ತಿಯ ಮೌಲ್ಯ 50 ಪೌಂಡಿಗಿಂತ ಕಡಿಮೆಯಿದ್ದವನಿಗೆ ಒಂದು ಮತ. ಅಲ್ಲಿಂದ ಮೇಲಕ್ಕೆ ಮೌಲ್ಯ ಏರಿದಂತೆ ಮತಗಳೂ ಏರಿ ಆರರವರೆಗೆ ಹೋಗುತ್ತಿದ್ದವು. ಒಡೆಯನೂ ಅವನೇ, ಹಿಡುವಳಿದಾರನೂ ಅವನೇ ಆಗಿದ್ದರೆ ಎರಡೂ ನೆಲೆಗಳಿಂದ ಮತ ಹಾಕಿ ಹನ್ನೆರಡರವರೆಗೆ ಮುಟ್ಟಬಹುದಿತ್ತು. ತೆರಿಗೆಯ ಭಾರ ಹೆಚ್ಚಾಗಿ ಬೀಳುವವನಿಗೆ ಹೆಚ್ಚಿನ ಮಾತು ಇರಲಿ ಎಂಬುದು ಇದರ ತರ್ಕ. ಇದರ ಪರಿಣಾಮವಾಗಿ, ಕೆಟ್ಟ ನೀರನ್ನು ಕುಡಿಯುವವರಿಗೆ ಮಂಡಳಿಯಲ್ಲಿ ದನಿ ಕಡಿಮೆಯಾಯಿತು. ಆ ನೀರನ್ನು ಕುಡಿಯಬೇಕಿಲ್ಲದವರಿಗೆ ದನಿ ಹೆಚ್ಚಾಯಿತು. ನಾಡಿನ ಹಲವು ಸಣ್ಣ ಮಂಡಳಿಗಳು ಮೈದಳೆದ ಮೇಲೂ ಮೆಲ್ಲಗೆ ನಡೆದದ್ದಕ್ಕೆ ಇದು ಮುಖ್ಯವಾದ ಕಾರಣಗಳಲ್ಲಿ ಒಂದು.

1851ರಲ್ಲಿ ಹಾವರ್ತಿನ ಸ್ಥಳೀಯ ಆರೋಗ್ಯ ಮಂಡಳಿ ಸ್ಥಾಪಿತವಾಯಿತು. ಇಂಥ ಮಂಡಳಿಯ ಕೆಲಸವೇನು? ಶಾಸನವು ಅದನ್ನು ವಿವರವಾಗಿ ಹೇಳುತ್ತದೆ. ಒಬ್ಬ ಮೋಜಣಿದಾರ, ಒಬ್ಬ ಗುಮಾಸ್ತ, ಒಬ್ಬ ಖಜಾನೆದಾರ, ಕೊಳೆ–ಕಶ್ಮಲಗಳ ದೂರುಗಳನ್ನು ನೋಡಿಕೊಳ್ಳುವ ಒಬ್ಬ ಪರಿವೀಕ್ಷಕ ಇವರನ್ನು ನೇಮಿಸಬೇಕು. ವೈದ್ಯಾಧಿಕಾರಿಯನ್ನು ನೇಮಿಸುವುದು ಮಂಡಳಿಯ ಇಚ್ಛೆಗೆ ಬಿಟ್ಟದ್ದು. ಊರಿನ ಚರಂಡಿಗಳು ಮಂಡಳಿಯ ಸ್ವಾಧೀನಕ್ಕೆ ಬರುತ್ತವೆ. ಹೊಸ ಮನೆಯನ್ನು ಕಕ್ಕಸೂ ಬೂದಿಗುಂಡಿಯೂ ಇಲ್ಲದೆ ಕಟ್ಟುವಂತಿಲ್ಲ. ಕಸಾಯಿಖಾನೆ, ಬಾಡಿಗೆಯ ವಸತಿಗೃಹ, ನೆಲಮಾಳಿಗೆಯ ವಾಸ ಇವುಗಳ ಮೇಲೆ ನಿಗಾ ಇಡಬೇಕು. ಬೀದಿಗಳನ್ನು ಗುಡಿಸಬೇಕು, ಕಲ್ಲು ಹಾಸಬೇಕು. ನೀರನ್ನು ಒದಗಿಸಬಹುದು, ಅದಕ್ಕಾಗಿ ಕಂದಾಯ ವಿಧಿಸಬಹುದು. ಇವುಗಳಲ್ಲಿ ಯಾವುದೂ ಶಾಸನದಲ್ಲಿ ಕೆತ್ತಿ ಮೆರೆಸುವಂಥ ಕೆಲಸವಲ್ಲ. ಯಾರದೋ ಹಿತ್ತಲಿನ ತಿಪ್ಪೆಯನ್ನು ತೆಗೆಸಲು ನೋಟೀಸು ಕಳುಹಿಸುವುದು, ಯಾವ ಬೀದಿಗೆ ಮೊದಲು ಕೊಳವೆ ಎಂಬುದಕ್ಕಾಗಿ ವಾದಿಸುವುದು, ಕಂದಾಯ ಕಟ್ಟದವನನ್ನು ಮತ್ತೆ ಕೇಳುವುದು ಇವೇ ಸಣ್ಣ ಊರಿನ ಮಂಡಳಿಯ ದಿನಚರಿ.

ಮಂಡಳಿಯಾಯಿತೆಂದು ಮರುದಿನವೇ ನೀರು ಬರಲಿಲ್ಲ. ಅರ್ಜಿ ಸಲ್ಲಿಸಿ ಎರಡು ವರ್ಷ ಕಳೆದರೂ ಕೆಲಸವಾಗಿ ಏನೂ ಕಾಣುತ್ತಿಲ್ಲವೆಂದು ಬ್ರಾಂಟೆಯವರು 1851ರ ಬೇಸಗೆಯಲ್ಲಿಯೂ ಕೇಂದ್ರ ಮಂಡಳಿಗೆ ಬರೆಯುತ್ತಿದ್ದರು. ವರದಿ ಬರೆದ ಬ್ಯಾಬೇಜರು ಅದೇ ವರ್ಷ ದಕ್ಷಿಣ ಆಸ್ಟ್ರೇಲಿಯಾಕ್ಕೆ ಹೊರಟುಹೋದರು. ಊರಿಗೆ ಜಲಾಶಯದ ನೀರು ದೊರೆಯುವ ಹೊತ್ತಿಗೆ ಆ ದಶಕವೇ ಮುಗಿಯುತ್ತ ಬಂದಿತ್ತು. ಅಷ್ಟರಲ್ಲಿ, 1855ರ ಮಾರ್ಚ್ 31ರಂದು, ವಿವಾಹವಾಗಿ ವರ್ಷ ತುಂಬುವ ಮೊದಲೇ, ಗರ್ಭಿಣಿಯಾಗಿದ್ದ ಷಾರ್ಲೆಟ್ ತೀರಿಕೊಂಡಿದ್ದಳು. ತಂದೆಯು ಆರೂ ಮಕ್ಕಳನ್ನು ಕಳೆದುಕೊಂಡು ಮತ್ತೆ ಆರು ವರ್ಷ ಬದುಕಿದರು. ತಾವು ಬೇಡಿದ ನೀರು ಊರಿಗೆ ಬಂದದ್ದನ್ನು ಕಂಡರು.

ಇಲ್ಲಿ ಎಚ್ಚರದಿಂದ ಹೇಳಬೇಕಾದ ಮಾತೊಂದಿದೆ. ಹಾವರ್ತಿನ ಕೆಟ್ಟ ನೀರೇ ಬ್ರಾಂಟೆ ಕುಟುಂಬವನ್ನು ನುಂಗಿತೆಂದು ಆಗಾಗ ಬರೆಯುವುದುಂಟು. ಕಥೆಯಾಗಿ ಅದು ಚೆನ್ನಾಗಿ ಕೂಡಿಬರುತ್ತದೆ, ಚರಿತ್ರೆಯಾಗಿ ನಿಲ್ಲುವುದಿಲ್ಲ. ಎಮಿಲಿ, ಆನ್ ಇಬ್ಬರನ್ನೂ ಬಲಿ ತೆಗೆದುಕೊಂಡದ್ದು ಕ್ಷಯ. ಕ್ಷಯವು ಬಾವಿಯ ನೀರಿನಿಂದ ಹರಡುವ ರೋಗವಲ್ಲ. ಹಿರಿಯ ಹೆಣ್ಣುಮಕ್ಕಳಿಬ್ಬರು ಕಾಯಿಲೆ ಬಿದ್ದದ್ದು ದೂರದ ವಸತಿಶಾಲೆಯಲ್ಲಿ. ಕೆಟ್ಟ ನೀರು ಮತ್ತು ಕೊಳೆಯ ಬಲಿಗಳು ಬಹುಮಟ್ಟಿಗೆ ಹೆಸರಿಲ್ಲದವರು: ವಾಂತಿಭೇದಿಯಿಂದಲೂ ವಿಷಮಜ್ವರದಿಂದಲೂ ಹೋದ ಉಣ್ಣೆ ಬಾಚುವವರ ಮಕ್ಕಳು. ಬ್ರಾಂಟೆಯವರ ಅರ್ಜಿಯ ಹಿರಿಮೆ ಇರುವುದೂ ಇಲ್ಲಿಯೇ. ಆ ನೀರು ಬಂದಿದ್ದರೂ ಅವರ ಮಕ್ಕಳು ಉಳಿಯುತ್ತಿರಲಿಲ್ಲವೇನೋ. ಉಳಿಯಬಹುದಾಗಿದ್ದವರು ಪರರ ಮಕ್ಕಳು.

ಇನ್ನೊಂದು ಸಂಗತಿಯೂ ವಿಚಾರಯೋಗ್ಯವಾಗಿದೆ. ಚಾಡ್ವಿಕ್ ಮೊದಲಾದವರೆಲ್ಲ ರೋಗವು ದುರ್ಗಂಧದ ಗಾಳಿಯಿಂದ ಹುಟ್ಟುತ್ತದೆಂದು ನಂಬಿದ್ದವರು. ಕಾಲರಾ ನೀರಿನ ಮೂಲಕ ಹರಡುತ್ತದೆಂದು ಜಾನ್ ಸ್ನೋ 1849ರಲ್ಲಿಯೇ ಬರೆದಿದ್ದರೂ, 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನ ಪಂಪಿನ ಸುತ್ತ ಸಂಭವಿಸಿದ ಸಾವುಗಳನ್ನು ತೋರಿಸಿಕೊಟ್ಟಿದ್ದರೂ, ಅದು ಸರ್ವಸಮ್ಮತವಾಗಲು ದಶಕಗಳೇ ಬೇಕಾದವು. ಕ್ಷಯದ ರೋಗಾಣುವನ್ನು ರಾಬರ್ಟ್ ಕಾಖ್ ಗುರುತಿಸಿದ್ದು 1882ರಲ್ಲಿ. ಆದ್ದರಿಂದ ಹಾವರ್ತಿನ ಮಂಡಳಿಯಂಥವು ದೋಷವುಳ್ಳ ಸಿದ್ಧಾಂತವನ್ನು ನಂಬಿಯೇ ಕೊಳೆಯನ್ನು ಜನರಿಂದ ದೂರ ಸಾಗಿಸುವ, ನೀರನ್ನು ದೂರದ ಬೆಟ್ಟದಿಂದ ತರುವ ಸರಿಯಾದ ಕೆಲಸವನ್ನು ಮಾಡಿದವು. ಸಿದ್ಧಾಂತವು ಬದಲಾದರೂ ಎಣಿಕೆಯು ಸುಳ್ಳಾಗಲಿಲ್ಲ. ಎಲ್ಲಿ ಹೆಚ್ಚು ಮಕ್ಕಳು ಸಾಯುತ್ತಿದ್ದಾರೆ ಎಂದು ಪ್ರಾಮಾಣಿಕವಾಗಿ ಬರೆದಿಟ್ಟದ್ದೇ ಆ ಕಾಲದ ದೊಡ್ಡ ಜ್ಞಾನ.

ಕನ್ನಡ ನಾಡಿಗೂ ಈ ಆಡಳಿತದ ಪರಂಪರೆಯ ಎಳೆಯೊಂದು ಬಂದು ತಾಗಿದೆ. 1865ರ ಮದರಾಸು ಪಟ್ಟಣ ಸುಧಾರಣಾ ಶಾಸನದ ಮೇರೆಗೆ 1866ರಲ್ಲಿ ಮಂಗಳೂರಿನ ಮುನಿಸಿಪಾಲಿಟಿ ರಚಿತವಾಯಿತು. 1884ರ ಮದರಾಸು ಶಾಸನದಿಂದ ಬಂದ ‘ತಾಲೂಕು ಬೋರ್ಡು’ ಎಂಬ ಮಾತು ನಮ್ಮ ಹಿರಿಯರ ಬಾಯಲ್ಲಿ ಬಹುಕಾಲ ಉಳಿದಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ, ಇಕ್ಕಟ್ಟಿನ ಪೇಟೆಯಿಂದ ಹೊರಗೆ, ಗಾಳಿ ಬೆಳಕು ಬರುವಂತೆ ಬೀದಿಗಳನ್ನು ಎಳೆದು ಬಸವನಗುಡಿ, ಮಲ್ಲೇಶ್ವರಗಳನ್ನು ಕಟ್ಟಲಾಯಿತು. ಮನೆಗಳ ಹಿಂದೆ ಮಲ ಸಾಗಿಸಲೆಂದೇ ಬಿಟ್ಟ ಓಣಿಗಳು ಅಲ್ಲಿ ಇಂದಿಗೂ ಕಾಣಸಿಗುತ್ತವೆ. ಆ ಓಣಿಗಳಲ್ಲಿ ಮಲವನ್ನು ಹೊತ್ತವರು ಯಾರು, ಅವರ ಮನೆಗಳಿಗೆ ಕೊಳವೆಯ ನೀರು ಬಂದದ್ದು ಯಾವಾಗ ಎಂಬ ಪ್ರಶ್ನೆಗೆ ಪ್ರತ್ಯೇಕವಾದ ಲೇಖನವೇ ಬೇಕು.

ಹಾವರ್ತಿನ ಮಂಡಳಿಯು 1894ರಲ್ಲಿ ನಗರ ಜಿಲ್ಲಾ ಪರಿಷತ್ತಾಗಿ ಮಾರ್ಪಟ್ಟು, 1938ರಲ್ಲಿ ನೆರೆಯ ಕೀತ್ಲಿ ಪಟ್ಟಣದಲ್ಲಿ ಲೀನವಾಯಿತು. ಇಂದು ಆ ಊರಿಗೆ ಹೋಗುವ ಪ್ರವಾಸಿಗಳು ಪಾದ್ರಿಯ ಮನೆಯನ್ನು ವಸ್ತುಸಂಗ್ರಹಾಲಯವಾಗಿ ನೋಡುತ್ತಾರೆ. ಮನೆಯ ಮುಂದಿನ ಸ್ಮಶಾನದಲ್ಲಿ ಈಗ ಎತ್ತರದ ಮರಗಳು ಬೆಳೆದು ಗೋರಿಗಳ ಮೇಲೆ ನೆರಳು ಚೆಲ್ಲುತ್ತವೆ. ಬ್ರಾಂಟೆ ಸೋದರಿಯರ ಕಾಲದಲ್ಲಿ ಅವು ಇರಲಿಲ್ಲ. ಅಲ್ಲಿಯ ಚಪ್ಪಡಿಗಳ ಮೇಲೆ ಒಂದು, ಎರಡು, ಮೂರು ವರ್ಷದ ಮಕ್ಕಳ ಹೆಸರುಗಳು ಸಾಲುಸಾಲಾಗಿ ಕೆತ್ತಿವೆ. ಬ್ಯಾಬೇಜರ ವರದಿಯಲ್ಲಿ ಅವರು ನೂರಕ್ಕೆ 41.6 ಎಂಬ ಅಂಕಿಯಾಗಿದ್ದಾರೆ. ಕಲ್ಲಿನ ಹೆಸರನ್ನೂ ಕಾಗದದ ಅಂಕಿಯನ್ನೂ ಒಟ್ಟಿಗೆ ಇಟ್ಟು ಓದಿದಾಗ ಮಾತ್ರ, ಒಂದು ಸಣ್ಣ ಊರಿನ ಚರಂಡಿಗಾಗಿ ಎಪ್ಪತ್ತು ದಾಟಿದ ಒಬ್ಬ ಪಾದ್ರಿ ಏಕೆ ಅಷ್ಟು ಪತ್ರಗಳನ್ನು ಬರೆದರು ಎಂಬುದು ನಮಗೆ ತಿಳಿಯುತ್ತದೆ.